ಅಸಲು ಪುಡಿ

ನಮ್ಮ ಊರಿನ ಮಾತ್ರೆಗಳಿಗೆ ಸ್ವಂತ ಬಲ ಇಲ್ಲ. ಬೇರೆ ಊರುಗಳಲ್ಲಿ ಕಾರ್ಖಾನೆಯಿಂದ ಬಂದ ಮಾತ್ರೆಯನ್ನು ಹಾಗೇ ನುಂಗಿದರೂ ಊತ ಇಳಿಯುತ್ತದಂತೆ. ಇರಬಹುದು, ನಾನು ನೋಡಿಲ್ಲ. ನಮ್ಮಲ್ಲಿ ಪ್ರತಿ ಬ್ಯಾಚೂ ಮೊದಲು ಪ್ರಯೋಗಾಲಯಕ್ಕೆ ಬರಬೇಕು, ಅಸಲು ಪುಡಿಯ ಪಕ್ಕದಲ್ಲಿ ತೂಗಿಸಿಕೊಳ್ಳಬೇಕು, ಯಂತ್ರದೊಳಗೆ ಹಾದು ಬರಬೇಕು, ಕೊನೆಗೆ ನನ್ನ ಸಹಿ ಬೀಳಬೇಕು. ಅಲ್ಲಿಯವರೆಗೆ ಅದು ಸೀಮೆಸುಣ್ಣದ ಚೂರು. ಸಹಿ ಬಿದ್ದ ಮೇಲೆ ಅಸಲಿಗೆ ಎಷ್ಟು ಬಲವೋ ಮಾತ್ರೆಗೂ ಅಷ್ಟೇ ಬಲ, ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಹತ್ತೊಂಬತ್ತು ವರ್ಷದಿಂದ ಆ ಸಹಿ ಹಾಕುತ್ತಿರುವವನು ನಾನು, ಮರಿಸ್ವಾಮಿ. ಬೀದಿಯಲ್ಲಿ ಹೋದರೆ ಜನ ಕೈಮುಗಿಯುತ್ತಾರೆ. ಬೆರಳು ಮಡಚಿಹೋಗಿ ಮುಗಿಯಲಾಗದವರು ತಲೆಬಾಗುತ್ತಾರೆ. ಅದಕ್ಕೆ ನಾನು ಯೋಗ್ಯನಲ್ಲ ಎಂದು ಹೇಳಲು ಇದನ್ನು ಬರೆಯುತ್ತಿದ್ದೇನೆ. ಓದುವವರು ನಮ್ಮ ಊರಿನವರಲ್ಲ ಎಂಬುದೇ ನನಗಿರುವ ಧೈರ್ಯ.

ಮೂವತ್ತೈದು ದಾಟಿತೆಂದರೆ ನಮ್ಮಲ್ಲಿ ಬೆರಳ ಗಂಟು, ಮಣಿಕಟ್ಟು, ಮೊಣಕಾಲು ಒಂದೊಂದಾಗಿ ಊದಿಕೊಳ್ಳುತ್ತವೆ. ನೀರಿನ ದೋಷ ಎನ್ನುವವರಿದ್ದಾರೆ, ಗಾಳಿಯ ದೋಷ ಎನ್ನುವವರಿದ್ದಾರೆ. ಎರಡನ್ನೂ ಬಿಟ್ಟು ಬದುಕಿ ತೋರಿಸಿದವರು ಯಾರೂ ಇಲ್ಲ. ನನಗೆ ಸದ್ಯಕ್ಕೆ ಮೊಣಕಾಲು ಮಾತ್ರ, ಕೈ ಇನ್ನೂ ಆಡುತ್ತದೆ. ಹೊಸ ಬ್ಯಾಚು ಸೋಮವಾರ ಹೊರಗೆ ಬರುವುದರಿಂದ ಮದುವೆಗಳನ್ನು ಮಂಗಳವಾರ ಇಟ್ಟುಕೊಳ್ಳುತ್ತಾರೆ, ಪಂಚಾಂಗದವರು ಏನೇ ಗೊಣಗಲಿ. ಬಿಂದಿಗೆಗಳಿಗೆ ಎರಡು ಕಿವಿ ಇಡಿಸುತ್ತಾರೆ. ಹೆಣ್ಣು ನೋಡಲು ಹೋದವರು ಹುಡುಗಿಯ ಮುಖಕ್ಕಿಂತ ಅವಳ ತಾಯಿಯ ಕೈಯನ್ನೇ ಹೆಚ್ಚು ಹೊತ್ತು ನೋಡುತ್ತಾರೆ. ಬೆಳಿಗ್ಗೆ ಎಂಟಕ್ಕೆ ಒಂದು ಮಾತ್ರೆ ನುಂಗಿದರೆ ಸಂಜೆ ಆರರವರೆಗೆ ಬರುತ್ತಿತ್ತು. ಎರಡು ನುಂಗುವಂತಿಲ್ಲ, ನುಂಗಿದವರು ಹೊಟ್ಟೆ ಹುಣ್ಣಾಗಿ ಮಲಗಿದ್ದನ್ನು ಎಲ್ಲರೂ ಕಂಡಿದ್ದಾರೆ. ಆದ್ದರಿಂದ ಊರಿನ ಬದುಕೆಲ್ಲ ಆ ಹತ್ತು ಗಂಟೆಯೊಳಗೆ ನಡೆಯಬೇಕಿತ್ತು, ನಡೆಯುತ್ತಲೂ ಇತ್ತು.

ಅಸಲು ಎಂದರೆ ಹೆಬ್ಬೆರಳಿನಷ್ಟು ಎತ್ತರದ ಕಂದು ಗಾಜಿನ ಸೀಸೆ. ಮೇಲೆ ಚೀಟಿ: ಡೈಕ್ಲೊಫೆನಾಕ್ ಸೋಡಿಯಂ, ಪ್ರಮಾಣಿತ ಮಾದರಿ, ಆರುನೂರು ಮಿಲಿಗ್ರಾಂ, ಶುದ್ಧತೆ ಶೇಕಡಾ 99.8. ವಾರಕ್ಕೆ ಹತ್ತು ಮಿಲಿಗ್ರಾಂ ಖರ್ಚು. ವರ್ಷಕ್ಕೊಮ್ಮೆ ದೂರದ ಕೇಂದ್ರದಿಂದ ಒಬ್ಬಾತ ಐಸ್ ಪೆಟ್ಟಿಗೆ ಹಿಡಿದುಕೊಂಡು ಬಸ್ಸಿನಿಂದ ಇಳಿಯುತ್ತಾನೆ, ಹೊಸ ಸೀಸೆ ಕೊಟ್ಟು ಅದೇ ಬಸ್ಸಿಗೆ ಹತ್ತಿ ಹೋಗುತ್ತಾನೆ. ಸೀಸೆಯನ್ನು ಫ್ರಿಜ್ಜಿನಲ್ಲಿ ಇಡುತ್ತೇವೆ. ಹೊರಗೆ ತೆಗೆದ ಮೇಲೆ ಅರ್ಧ ಗಂಟೆ ಮುಚ್ಚಳ ಮುಟ್ಟುವಂತಿಲ್ಲ. ತಣ್ಣಗಿರುವಾಗಲೇ ಬಿಚ್ಚಿದರೆ ಗಾಳಿಯ ತೇವ ಒಳಗಿಳಿಯುತ್ತದೆ, ಪುಡಿ ಅದನ್ನು ಹೀರುತ್ತದೆ. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ನಮ್ಮ ಮುಖ್ಯಸ್ಥರಾದ ನಂಜುಂಡಾರಾಧ್ಯರು ಹೇಳಿಕೊಟ್ಟಿದ್ದು ಇದೊಂದನ್ನೇ. ಉಳಿದದ್ದು ತಾನಾಗಿ ಬರುತ್ತದೆ ಎಂದಿದ್ದರು.

ಇನ್ನು ನನ್ನ ಅಕ್ಕ ಸರ್ವಮಂಗಳ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಮದುವೆಯಾಗಿ ಎರಡು ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ಬಂದ ವರ್ಷವೇ ಅಮ್ಮ ಹೋದಳು. ಆಮೇಲೆ ನನ್ನನ್ನು ಸಾಕಿದ್ದು ಅಕ್ಕನ ಸೂಜಿ. ಟೈಲರ್ ಇನಾಯತ್ ಸಾಹೇಬರ ಅಂಗಡಿಗೆ ಗುಂಡಿ ತೂರಿಸುವ ಕಾಜಾ ಹಾಕಿಕೊಡುತ್ತಿದ್ದಳು. ಅಂಗಿಗೆ ಆರು, ಕುಪ್ಪಸಕ್ಕೆ ಐದು. ಅವಳು ಹಾಕಿದ ಕಾಜಾ ಬಟ್ಟೆ ಹರಿದರೂ ಹರಿಯುವುದಿಲ್ಲ ಎಂದು ಇನಾಯತ್ ಸಾಹೇಬರು ಗಿರಾಕಿಗಳ ಮುಂದೆ ಜಂಬ ಕೊಚ್ಚುತ್ತಿದ್ದರು. ನನ್ನ ಬಿ.ಎಸ್ಸಿ. ಎಷ್ಟು ಸಾವಿರ ಕಾಜಾ ಆಯಿತು ಎಂದು ನಾನು ತಮಾಷೆಗೆ ಕೇಳಿದರೆ, ಪಾಸಾಗಿದ್ದೀಯಲ್ಲ ಬಿಡು ಎನ್ನುತ್ತಿದ್ದಳು. ಊರಿನಲ್ಲೇ ಅತಿ ಕೆಟ್ಟದಾಗಿ ಊದುವ ಕೈಗಳು ಅವಳವು. ಮಾತ್ರೆ ಇಲ್ಲದ ದಿನ ಬೆರಳುಗಳು ಅಂಗೈಯೊಳಕ್ಕೆ ಮಡಚಿಕೊಂಡು ಬಿಡಿಸಲು ಬಾರದಂತಾಗುತ್ತವೆ. ಆಗ ಅವಳ ಗಂಟಲಿನಿಂದ ಒಂದು ಶಬ್ದ ಬರುತ್ತದೆ. ಅಳುವಲ್ಲ, ನರಳುವುದೂ ಅಲ್ಲ. ಅದನ್ನು ಕೇಳಿದರೆ ನನಗೆ ಕೈಕಾಲು ಆಡುವುದಿಲ್ಲ. ಚಿಕ್ಕಂದಿನಿಂದಲೂ ಹಾಗೆಯೇ.

ಹೋದ ವರ್ಷದ ಸೀಸೆ ಬಂದ ಮೊದಲ ವಾರವೇ ಯಂತ್ರ ಕೆಟ್ಟಿತು. ಸೋಮವಾರದ ಬ್ಯಾಚು ತಪ್ಪಿತು, ಮನೆಗಳಲ್ಲಿ ಉಳಿದಿದ್ದದ್ದೂ ಗುರುವಾರಕ್ಕೆ ಮುಗಿದು ನಾಲ್ಕು ದಿನ ಊರಿನಲ್ಲಿ ಒಂದು ಮಾತ್ರೆಯೂ ಇಲ್ಲ. ಎರಡನೇ ಸೋಮವಾರ ಬೆಳಿಗ್ಗೆಯಿಂದಲೇ ಜನ ಪ್ರಯೋಗಾಲಯದ ಗೇಟಿನ ಮುಂದೆ ಬಂದು ಕೂತಿದ್ದರು. ಗಲಾಟೆ ಇಲ್ಲ, ಬೈಗುಳ ಇಲ್ಲ, ಸುಮ್ಮನೆ ಕೂತಿದ್ದರು. ಅವರ ನಡುವೆ ಅಕ್ಕನೂ ಇದ್ದಳು. ಮಧ್ಯಾಹ್ನ ಹನ್ನೆರಡೂವರೆಗೆ ಯಂತ್ರ ರಿಪೇರಿಯಾಯಿತು. ಆರಾಧ್ಯರು ಊಟಕ್ಕೆ ಹೋದರು. ನಾನು ಸೀಸೆ ಹೊರಗೆ ತೆಗೆದು ಮೇಜಿನ ಮೇಲಿಟ್ಟು ಗಡಿಯಾರ ನೋಡಿದೆ. ಅರ್ಧ ಗಂಟೆ. ಅಷ್ಟರಲ್ಲಿ ಗೇಟಿನ ಕಡೆಯಿಂದ ಅಕ್ಕನ ಶಬ್ದ ಕೇಳಿಸಿತು. ಇನ್ನೂರು ಜನರ ಮಧ್ಯೆಯೂ ಅದನ್ನು ನಾನು ಗುರುತು ಹಿಡಿಯುತ್ತೇನೆ. ಎರಡು ನಿಮಿಷ ತಡೆದುಕೊಂಡೆ. ಮೂರನೆಯ ನಿಮಿಷಕ್ಕೆ ಮುಚ್ಚಳ ತಿರುಗಿಸಿದೆ. ಒಂದು ಸಲಕ್ಕೆ ಏನಾಗುತ್ತದೆ ಎಂದುಕೊಂಡೆ. ಒಂದು ಗಂಟೆಗೆಲ್ಲ ಸಹಿ ಹಾಕಿ ಮಾತ್ರೆ ಹೊರಗೆ ಕಳಿಸಿದೆ, ಜನ ನನ್ನನ್ನು ಹರಸಿ ಹೋದರು.

ಮುಂದಿನ ಸೋಮವಾರ ಸೀಸೆ ಬಿಚ್ಚಿ ನೋಡಿದರೆ ಪುಡಿ ಗಂಟು ಕಟ್ಟಿತ್ತು. ಒಣಗಿಸಿದೆ. ತೂಕ ಮೊದಲಿನಂತೆ ಆಯಿತು, ಬಲ ಮಾತ್ರ ಮರಳಲಿಲ್ಲ. ಅದು ಗೊತ್ತಾಗಿದ್ದು ಯಂತ್ರದಿಂದಲ್ಲ. ಯಂತ್ರ ಬಲವನ್ನು ಕಾಗದದ ಮೇಲೆ ಗುಡ್ಡದಂಥ ಗೆರೆಯಾಗಿ ಬರೆಯುತ್ತದೆ; ಅಲ್ಲಿ ಮಾತ್ರೆಯ ಗುಡ್ಡ ಮತ್ತು ಅಸಲಿನ ಗುಡ್ಡ ಅಕ್ಕಪಕ್ಕ ಸಮನಾಗಿಯೇ ನಿಂತಿದ್ದವು, ಅಸಲು ಎಷ್ಟು ಕುಸಿದಿತ್ತೋ ಮಾತ್ರೆಯೂ ಅಷ್ಟೇ ಕುಸಿದಿತ್ತು. ಫಲಿತಾಂಶ ನೂರಕ್ಕೆ ನೂರು. ನನಗೆ ಗೊತ್ತಾಗಿದ್ದು ಮನೆಯಲ್ಲಿ. ಎಂಟಕ್ಕೆ ಮಾತ್ರೆ ನುಂಗಿದ ಅಕ್ಕ ಮಧ್ಯಾಹ್ನ ಎರಡಕ್ಕೆ ಸೂಜಿ ಕೆಳಗಿಟ್ಟಳು. ಹತ್ತು ಗಂಟೆ ಬರುತ್ತಿದ್ದದ್ದು ಆರೇ ಗಂಟೆ ಬಂತು. ಹೊಟ್ಟೆ ಸುಡುವುದರಲ್ಲಿ ಮಾತ್ರ ಏನೂ ಕಡಿಮೆಯಾಗಿರಲಿಲ್ಲ.

ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ವಾರ ವಾರವೂ ನೂರು ಎಂದು ಬರೆದೆ, ಸಹಿ ಹಾಕಿದೆ. ಊರು ಹೊಂದಿಕೊಂಡಿತು, ಅದನ್ನು ನೋಡುವುದೇ ದೊಡ್ಡ ಶಿಕ್ಷೆ. ಮೊದಲು ಅಂಗಡಿಗಳು ಎರಡಕ್ಕೆ ಬಾಗಿಲು ಹಾಕತೊಡಗಿದವು. ಆಮೇಲೆ ಶಾಲೆಯ ಮೇಷ್ಟರು ಕಠಿಣ ಪಾಠಗಳನ್ನೆಲ್ಲ ಬೆಳಗಿಗೆ ಹಾಕಿಕೊಂಡು ಮಧ್ಯಾಹ್ನ ಮಕ್ಕಳಿಂದ ಬಾಯಿಪಾಠ ಹೇಳಿಸಿದರು, ಸೀಮೆಸುಣ್ಣ ಹಿಡಿಯುವುದು ತಪ್ಪಿತು. ಸಂಜೆಯ ಅಡುಗೆಯನ್ನು ಬೆಳಿಗ್ಗೆಯೇ ಮಾಡಿಟ್ಟು ತಣ್ಣಗಿನದನ್ನೇ ಉಣ್ಣುವುದು ರೂಢಿಯಾಯಿತು. ಸಂಜೆ ಸತ್ತವರನ್ನು ಮರುದಿನ ಬೆಳಿಗ್ಗೆಯವರೆಗೆ ಇಟ್ಟುಕೊಳ್ಳುತ್ತಿದ್ದರು, ಹೊರುವವರಿಗೆ ಹೆಗಲು ಏಳುತ್ತಿರಲಿಲ್ಲ. ಎರಡರ ನಂತರ ಗುಂಡಿ ಬಿಚ್ಚಲಾಗದೆ ಜನ ಅಂಗಿ ತೊಟ್ಟುಕೊಂಡೇ ಮಲಗಬೇಕಾಯಿತು. ಕೊನೆಗೆ ಇನಾಯತ್ ಸಾಹೇಬರು ಗುಂಡಿ ಹಚ್ಚುವುದನ್ನೇ ಬಿಟ್ಟು ಲಾಡಿ ಕಟ್ಟುವ ಅಂಗಿ ಹೊಲಿಯತೊಡಗಿದರು. ಹೇಳಲು ಅವರೇ ಮನೆಗೆ ಬಂದರು.

"ಬೇಜಾರು ಮಾಡ್ಕೋಬೇಡಿ ಅಕ್ಕಾ. ಕಾಜಾ ಕೇಳೋರೇ ಇಲ್ಲ ಈಗ," ಎಂದರು.

"ಬೇಜಾರೇನು ಸಾಹೇಬ್ರೇ. ಗುಂಡಿ ಇಲ್ದೆ ಕಾಜಾ ಹಾಕಿ ಏನ್ ಮಾಡೋದು," ಎಂದು ಅಕ್ಕ ನಕ್ಕಳು. ಅವರು ಹೋದ ಮೇಲೆ ಸೂಜಿಗಳನ್ನು ಒಂದು ಅರಿವೆಯಲ್ಲಿ ಸುತ್ತಿ ಇಟ್ಟಳು. ನಾನು ಅಲ್ಲೇ ಕೂತು ಪೇಪರ್ ಓದುತ್ತಿದ್ದೆ, ಅಂದರೆ ಓದುವವನಂತೆ ಹಿಡಿದುಕೊಂಡಿದ್ದೆ.

ಈ ವರ್ಷದ ಸೀಸೆ ಬಂದಿದ್ದು ಒಂದು ಗುರುವಾರ. ಹೊಸ ಸೀಸೆ ಎಂದರೆ ಎಲ್ಲ ಸರಿಹೋಯಿತು ಎಂದು ನೀವು ಅಂದುಕೊಳ್ಳಬಹುದು. ನಮ್ಮಲ್ಲಿ ಹೊಸ ಅಸಲೂ ಸುಮ್ಮನೆ ಅಸಲಾಗುವುದಿಲ್ಲ. ಹಳೆಯ ಸೀಸೆಯ ಕೊನೆಯ ಚಿಟಿಕೆಯ ಪಕ್ಕದಲ್ಲಿ ಹೊಸದನ್ನು ಇಟ್ಟು ಅಳೆಯಬೇಕು, ಎರಡೂ ಸಮ ಎಂದು ಬರೆಯಬೇಕು. ಬರೆದ ಮೇಲೆ ಹೊಸದು ಹಳೆಯದರಂತೆಯೇ ಆಗುತ್ತದೆ. ಹಳೆಯದು ಆರು ಗಂಟೆಯದಾದರೆ ಹೊಸದೂ ಆರು ಗಂಟೆಯದೇ. ಬರುವ ವರ್ಷದ ಸೀಸೆ ಇದರ ಪಕ್ಕ ಕೂರುತ್ತದೆ, ಅದರ ಮುಂದಿನದು ಅದರ ಪಕ್ಕ. ನಾನು ಮೂರನೆಯ ನಿಮಿಷಕ್ಕೆ ಬಿಚ್ಚಿದ ಮುಚ್ಚಳ ನಾನು ಸತ್ತ ಮೇಲೂ ಮುಚ್ಚುವುದಿಲ್ಲ ಎಂದು ಅರ್ಥವಾಯಿತು. ಅವತ್ತೇ ಆರಾಧ್ಯರ ಕೋಣೆಗೆ ಹೋದೆ.

"ಸಾರ್, ಹಳೇ ಅಸಲು ಕೆಟ್ಟಿದೆ," ಎಂದೆ.

"ಯಾವಾಗಿಂದ?"

"ಹೋದ ವರ್ಷದ ಸೀಸೆ ಬಂದ ಎರಡನೇ ವಾರದಿಂದ. ತಣ್ಣಗಿದ್ದಾಗ್ಲೇ ಬಿಚ್ಚಿಬಿಟ್ಟೆ ಸಾರ್."

ಆರಾಧ್ಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಿವೃತ್ತಿಗೆ ಅವರಿಗೆ ನಾಲ್ಕು ತಿಂಗಳಿತ್ತು. "ಒಂದು ವರ್ಷ ನೂರು ನೂರು ಅಂತ ಬರೆದಿದ್ದೀಯಲ್ಲಯ್ಯ," ಎಂದರು.

"ಯಂತ್ರ ನೂರು ಅಂತ್ಲೇ ತೋರ್ಸೋದು ಸಾರ್."

"ಯಂತ್ರಕ್ಕೇನು, ಅದಕ್ಕೆ ಗಂಟುನೋವಿದೆಯಾ." ಅವರು ತಮ್ಮದೇ ಮಣಿಕಟ್ಟನ್ನು ಒತ್ತಿಕೊಂಡರು. ಆಮೇಲೆ ಹೇಳಿದರು: "ನೋಡು ಮರಿಸ್ವಾಮಿ, ಇರೋದು ಎರಡೇ ದಾರಿ. ಹಳೇದರ ಪಕ್ಕ ಹೊಸದನ್ನಿಟ್ಟು ಸಮ ಅಂತ ಬರೆದ್ರೆ ಊರು ಹೀಗೇ ನಡೆಯುತ್ತೆ. ಇಲ್ಲ, ಹಳೇದು ಅಸಿಂಧು ಅಂತ ರಿಜಿಸ್ಟರಿನಲ್ಲಿ ಬರೀಬೇಕು. ಬರೆದ ಗಳಿಗೆಗೆ ಊರಲ್ಲಿರೋ ಮಾತ್ರೆ ಎಲ್ಲಾ ಸುಣ್ಣ ಆಗುತ್ತೆ. ಹೊಸ ಸೀಸೆನ ಕೇಂದ್ರಕ್ಕೆ ವಾಪಸ್ ಕಳಿಸಬೇಕು, ಅವರು ಬೇರೆ ಕಡೆ ಅಳೆಸಿ ಮುದ್ರೆ ಹಾಕ್ಸಿ ಕಳಿಸಬೇಕು. ಹನ್ನೊಂದು ತಿಂಗಳು. ಆಮೇಲೆ ಮೊದಲಿನ ಹಾಗೆ ಹತ್ತು ಗಂಟೆ."

"ನೀವೇನು ಹೇಳ್ತೀರಿ ಸಾರ್?"

"ಸಹಿ ನಿಂದು. ನನಗೆ ಹೇಳಿದೆ ಅಂತ ಮಾತ್ರ ಯಾರಿಗೂ ಹೇಳ್ಬೇಡ." ಕನ್ನಡಕ ಹಾಕಿಕೊಂಡು ಬೇರೆ ಕಾಗದ ಎಳೆದುಕೊಂಡರು. ಸೋಮವಾರದವರೆಗೆ ನನಗೆ ಸಮಯವಿತ್ತು.

ಭಾನುವಾರ ಸಂಜೆ ಅಕ್ಕ ಬಿಸಿ ಉಪ್ಪುನೀರಿನ ಬೋಗುಣಿಯಲ್ಲಿ ಕೈ ಇಟ್ಟುಕೊಂಡು ಕೂತಿದ್ದಳು. ನಾನು ಎದುರು ಕೂತು ಎಲ್ಲ ಹೇಳಿದೆ. ಕೆಡಿಸಿದ್ದು ನಾನೇ ಎಂದೆ, ಎರಡು ದಾರಿಯನ್ನೂ ಹೇಳಿದೆ. ಯಾಕೆ ಕೆಡಿಸಿದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಅವಳು ನೀರಿನೊಳಗಿನ ಕೈಗಳನ್ನೇ ನೋಡುತ್ತ ಕೇಳಿಸಿಕೊಂಡಳು.

"ಯಾವತ್ತು ಆಗಿದ್ದು ಇದು?" ಎಂದಳು.

"ಯಂತ್ರ ಕೆಟ್ಟು ನಾಲ್ಕು ದಿನ ಮಾತ್ರೆ ಇರ್ಲಿಲ್ವಲ್ಲ, ಆ ಸೋಮವಾರ."

"ಆವತ್ತು ನಾನು ಗೇಟ್ ಹತ್ರ ಬಂದು ಕೂತಿದ್ದೆ."

"ಹೂಂ."

"ಅದಕ್ಕೇನಾ ಮರಿ?"

ನಾನು ಟವೆಲು ತರಲು ಎದ್ದೆ. ನೀರು ತಣ್ಣಗಾಗಿತ್ತು. ಅವಳು ಕೈ ಹೊರಗೆ ತೆಗೆದಳು, ನಾನು ಟವೆಲಿನಿಂದ ಒರೆಸಿದೆ. "ಅಸಿಂಧು ಅಂತಾನೇ ಬರಿ," ಎಂದಳು.

"ಹನ್ನೊಂದು ತಿಂಗಳು ಅಕ್ಕ. ಒಂದು ಮಾತ್ರೆನೂ ಇರಲ್ಲ."

"ಕೇಳಿಸ್ತು. ಹನ್ನೊಂದು ತಿಂಗಳಿಗೆ ಒಂದು ಕೊನೆ ಇದೆ. ಹೀಗೇ ಬಿಟ್ರೆ ಕೊನೆ ಎಲ್ಲಿದೆ ಹೇಳು. ಈಗ ಇಪ್ಪತ್ತು ವರ್ಷ ಆಗಿರೋರು ಇನ್ನೊಂದು ಹದಿನೈದು ವರ್ಷಕ್ಕೆ ನಮ್ಮ ಹಾಗೇ ಎರಡು ಗಂಟೆಗೆ ಮುದುರಿಕೊಂಡು ಕೂರಬೇಕಾ? ಅವರೇನು ಪಾಪ ಮಾಡಿದ್ರು."

"ನಿನ್ನ ಕೈಲಿ ಆಗುತ್ತಾ?"

"ನನ್ನ ಕೈ ವಿಷಯ ನನಗೆ ಬಿಡು. ಜನ ಬೈತಾರೆ ನಿನ್ನ. ಬೈಸ್ಕೋ. ಕೆಲಸದಿಂದ ತೆಗೀತಾರೆ, ತೆಗೀಲಿ. ನಾನಿದ್ದೀನಲ್ಲ." ಹೀಗೆ ಹೇಳಿ ಬೆಳಿಗ್ಗೆ ಮಾಡಿಟ್ಟ ಸಾರು ಬಡಿಸಲು ಎದ್ದಳು. ಸೌಟು ಹಿಡಿಯಲು ಬರುವುದಿಲ್ಲ, ಪಾತ್ರೆಯನ್ನೇ ಎರಡು ಮಣಿಕಟ್ಟಿನ ನಡುವೆ ಒತ್ತಿ ಹಿಡಿದು ಬಗ್ಗಿಸಿದಳು. ಅವಳಿಗಾಗಿ ಬಡಿಸಿದ್ದಷ್ಟನ್ನೂ ಉಂಡೆ.

ಸೋಮವಾರ ಬರೆಯುವ ನಿರ್ಧಾರ ಮಾಡಿಯೇ ಹೊರಟೆ. ದಾರಿಯಲ್ಲಿ ಜನ ಎಂದಿನಂತೆ ತಲೆಬಾಗಿದರು. ಹೊಸ ಸೀಸೆ ಬಂದಿದೆಯಂತಲ್ಲ, ಇನ್ನು ನಮ್ಮ ಕಷ್ಟ ತೀರಿತು ಎಂದು ಇಬ್ಬರು ಮೂವರು ಹೇಳಿದರು. ಪ್ರಯೋಗಾಲಯದಲ್ಲಿ ರಿಜಿಸ್ಟರ್ ಬಿಚ್ಚಿ ಅ ಎಂಬ ಒಂದಕ್ಷರ ಬರೆದೆ. ಅಲ್ಲಿಗೆ ಪೆನ್ನು ನಿಂತಿತು. ಅಕ್ಕ ಬೆಳಿಗ್ಗೆ ಎಂಟಕ್ಕೆ ಮಾತ್ರೆ ನುಂಗಿದ್ದಳು. ನಾನು ಪದ ಮುಗಿಸಿದ ಗಳಿಗೆಗೆ ಅದು ಅವಳ ಹೊಟ್ಟೆಯಲ್ಲೇ ಸುಣ್ಣವಾಗುತ್ತದೆ. ಒಲೆಯ ಮುಂದೆ ಇರುತ್ತಾಳೋ, ಬಿಸಿ ಪಾತ್ರೆ ಹಿಡಿದಿರುತ್ತಾಳೋ. ಸಂಜೆ ಮನೆಗೆ ಹೋದರೆ ಆ ಶಬ್ದ ಇರುತ್ತದೆ. ನಾಳೆಯೂ ಇರುತ್ತದೆ. ಮುನ್ನೂರ ಮೂವತ್ತು ದಿನ ಇರುತ್ತದೆ. ಬರೀ ಅಕ್ಕನ ಮೇಲಿನ ಕನಿಕರ ಎಂದರೆ ಸುಳ್ಳಾಗುತ್ತದೆ. ತಲೆಬಾಗಿದ ಜನ ನನ್ನ ಮುಖಕ್ಕೆ ಉಗಿಯುವುದೂ ಕಣ್ಣಿಗೆ ಕಟ್ಟಿತು. ಆದರೆ ಕೈ ತಡೆದದ್ದು ಆ ಶಬ್ದವೇ. ಅ ಎಂಬುದನ್ನು ಮುಂದುವರಿಸಿ ಅಳತೆ ಎಂದು ಮಾಡಿದೆ.

ಹೊಸ ಸೀಸೆ ತೆಗೆದು ಮೇಜಿನ ಮೇಲಿಟ್ಟೆ. ಈ ಸಲ ಕೈಗಡಿಯಾರ ಬಿಚ್ಚಿ ಪಕ್ಕದಲ್ಲಿಟ್ಟುಕೊಂಡು ಪೂರ್ತಿ ಅರ್ಧ ಗಂಟೆ ಕಾದೆ, ಮೇಲೆ ಐದು ನಿಮಿಷ ಸೇರಿಸಿಯೇ ಕಾದೆ. ಇಷ್ಟು ಶಿಸ್ತಾಗಿ ನಾನು ಕೆಲಸ ಮಾಡಿದ್ದು ಹತ್ತೊಂಬತ್ತು ವರ್ಷದಲ್ಲಿ ಅದೇ ಮೊದಲು. ಹೊಸದು ಹಿಟ್ಟಿನಂತೆ ಹಗುರವಾಗಿತ್ತು. ಹತ್ತು ಮಿಲಿಗ್ರಾಂ ತೂಗಿದೆ, ಹಳೆಯದರ ಕೊನೆಯ ಗಂಟನ್ನು ಅರೆದು ಅದನ್ನೂ ಹತ್ತು ತೂಗಿದೆ. ಯಂತ್ರದ ಕಾಗದದ ಮೇಲೆ ಮೊದಲು ಹೊಸದರ ಗುಡ್ಡ ಎದ್ದಿತು. ಅಷ್ಟು ಎತ್ತರದ್ದನ್ನು ನಾನು ಒಂದು ವರ್ಷದಿಂದ ಕಂಡಿರಲಿಲ್ಲ. ಬಳಿಕ ಹಳೆಯದರದ್ದು ಎದ್ದಿತು, ಗಿಡ್ಡಗೆ. ಸಮ ಎಂದು ಬರೆದೆ, ಆಮೇಲೆ ನಿಯಮದಂತೆ ಇನ್ನೊಂದು ಸುತ್ತು. ಈ ಸುತ್ತಿನಲ್ಲಿ ಎರಡೂ ಗಿಡ್ಡವೇ. ಸಹಿ ಹಾಕಿದೆ. ಆರಾಧ್ಯರು ಓದಿದರು, ಕೆಳಗೆ ತಮ್ಮ ಸಹಿಯನ್ನೂ ಹಾಕಿದರು.

ಮಂಗಳವಾರ ಬೆಳಿಗ್ಗೆ ಹೊಸ ಬ್ಯಾಚಿನ ಮಾತ್ರೆಯನ್ನು ನಾನೇ ಅಕ್ಕನ ಅಂಗೈ ಮೇಲೆ ಇಟ್ಟೆ. ಅವಳು ಮಾತ್ರೆಯನ್ನು ನೋಡಿದಳು, ನನ್ನನ್ನು ನೋಡಿದಳು. ಮಾತ್ರೆ ಇದೆ ಎಂದರೆ ಅಸಿಂಧು ಎಂದು ಬರೆದಿಲ್ಲ ಎಂದೇ ಅರ್ಥ.

"ಹೊಸದು ತಾನಾಗೇ ಚೆನ್ನಾಗಿತ್ತು ಅಕ್ಕ. ಕಳಿಸೋ ಅಗತ್ಯ ಬೀಳಲಿಲ್ಲ," ಎಂದೆ. ಇಂಥ ಸುಳ್ಳು ಇಷ್ಟು ಸಲೀಸಾಗಿ ಬಾಯಿಗೆ ಬಂದಿದ್ದು ನನಗೇ ಆಶ್ಚರ್ಯ. ಅವಳು ನುಂಗಿದಳು. ಆಮೇಲೆ ಅರಿವೆ ಬಿಚ್ಚಿ ಸೂಜಿ ತೆಗೆದಳು, ನನ್ನದೊಂದು ಲಾಡಿ ಅಂಗಿ ತಂದು ಬಾಗಿಲಿನ ಬೆಳಕಿಗೆ ಕೂತು ಕಾಜಾ ಹಾಕತೊಡಗಿದಳು. ಇವತ್ತು ರಜೆ ಹಾಕು, ಇಲ್ಲೇ ಕೂತಿರು ಎಂದಳು. ಕೂತೆ. ಮಧ್ಯಾಹ್ನ ಒಂದೂವರೆಗೆ ಮೂರು ಕಾಜಾ ಮುಗಿದಿತ್ತು, ಒಂದೊಂದೂ ಯಂತ್ರ ಹಾಕಿದಷ್ಟು ಅಚ್ಚುಕಟ್ಟು. ಎರಡಕ್ಕೆ ಐದು ನಿಮಿಷ ಇರುವಾಗ ನಾಲ್ಕನೆಯದರ ಅರ್ಧದಲ್ಲಿ ಸೂಜಿ ಬೆರಳಿನಿಂದ ಜಾರಿತು. ಎತ್ತಿಕೊಳ್ಳಲು ನೋಡಿದಳು. ಬೆರಳು ಅಷ್ಟರಲ್ಲೇ ಒಳಕ್ಕೆ ತಿರುಗಿದ್ದವು.

"ಎತ್ತಿಕೊಡು," ಎಂದಳು. ಎತ್ತಿಕೊಟ್ಟೆ. ಹಿಡಿಯಲು ಆಗಲಿಲ್ಲ. ನಾನು ಆ ಶಬ್ದಕ್ಕಾಗಿ ಕಾದೆ. ಅವಳು ಹಲ್ಲು ಕಚ್ಚಿಕೊಂಡಳು, ಕತ್ತಿನ ನರ ಉಬ್ಬಿತು. ಶಬ್ದ ಬರಲಿಲ್ಲ.

"ಅಕ್ಕ, ನೀನು ನರಳೋದು ನನ್ನ ಕೈಲಿ ಕೇಳೋಕಾಗಲ್ಲ. ಅದಕ್ಕೇ," ಎಂದೆ. ನಾನು ಅಳುತ್ತಿದ್ದೆ.

"ಗೊತ್ತು. ನನಗೋಸ್ಕರ ಅಂತ ಇನ್ನು ಮೇಲೆ ಏನೂ ಮಾಡ್ಬೇಡ ಕಣಪ್ಪ," ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನದಿಂದ ಅವಳು ಮಾತ್ರೆ ನುಂಗುವುದನ್ನು ಬಿಟ್ಟಳು. ಕಾಲು ಹಿಡಿದು ಬೇಡಿಕೊಂಡೆ, ಅನ್ನದಲ್ಲಿ ಕಲಸಿ ಕೊಟ್ಟೆ, ಆ ತುತ್ತನ್ನು ಉಗಿದಳು. ಹನ್ನೊಂದು ತಿಂಗಳು ತಡೀತೀನಿ ಅಂದಿದ್ದೆನಲ್ಲ, ತಡೀತೀನಿ ಎನ್ನುತ್ತಾಳೆ. ಹನ್ನೊಂದು ತಿಂಗಳಾದ ಮೇಲೆ ಏನು ಎಂದು ನಾನೂ ಕೇಳುವುದಿಲ್ಲ, ಅವಳೂ ಹೇಳುವುದಿಲ್ಲ. ಆ ಮೇಲೆ ಏನೂ ಇಲ್ಲ ಎಂದು ಇಬ್ಬರಿಗೂ ಗೊತ್ತು. ಈಗ ಊಟ ನಾನೇ ಮಾಡಿಸುತ್ತೇನೆ, ತಲೆ ನಾನೇ ಬಾಚುತ್ತೇನೆ. ಸೋಮವಾರ ಹೋಗಿ ಸಹಿ ಹಾಕಿ ಬರುತ್ತೇನೆ. ಮನೆಯಲ್ಲಿ ಯಾವ ಶಬ್ದವೂ ಇಲ್ಲ.

ಹೋದ ವಾರ ಪಕ್ಕದ ಮನೆಯ ಪುಟ್ಟತಾಯಮ್ಮ ಬಂದು ಜಗಲಿಯ ಮೇಲೆ ಕೂತರು. ಅವರಿಗೆ ಮೊಣಕಾಲು. ಮಾತಿಗೆ ಮಾತು ಬಂದು, "ಸರ್ವಮಂಗಳಕ್ಕ, ಹೊಸ ಸೀಸೆ ಬಂದ್ಮೇಲೆ ನಿಮಗೇನಾದ್ರೂ ವ್ಯತ್ಯಾಸ ಕಾಣ್ತಾ? ನನಗ್ಯಾಕೋ ಮೊದಲಿನ ಹಾಗೇ ಇದೆ," ಎಂದರು. ನಾನು ಒಳಗೆ ಬಾಗಿಲ ಮರೆಯಲ್ಲಿ ನಿಂತಿದ್ದೆ. ಅಕ್ಕ ಮಾತ್ರೆ ಮುಟ್ಟಿ ನಲವತ್ತು ದಿನವಾಗಿತ್ತು. ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಕೂತಿದ್ದಳು.

"ಚೆನ್ನಾಗಿದೆ ತಾಯಿ. ನಮ್ಮ ಮರಿ ನೋಡೇ ಕೊಟ್ಟಿರೋದಲ್ವಾ," ಎಂದಳು.

"ಹಂಗಾದ್ರೆ ನನ್ನ ಕಾಲೇ ಸರಿಯಿಲ್ಲ ಬಿಡಿ," ಎಂದು ಪುಟ್ಟತಾಯಮ್ಮ ಗೋಡೆ ಹಿಡಿದುಕೊಂಡು ಎದ್ದು ಮನೆಗೆ ಹೋದರು.